ಮನೆಯ ಹೊಸ್ತಿಲೂ ಧರ್ಮದ ಹಾದಿಯೂ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಎಂಬ ಹೆಸರನ್ನು ಕೇಳಿದೊಡನೆ ಮಾಧ್ವರಾದ ನಮ್ಮ ಸ್ಮರಣೆಗೆ ಬರುವವನು ವಾಯುದೇವರ ದ್ವಿತೀಯಾವತಾರನಾದ ಶ್ರೀ ಭೀಮಸೇನನು. ಊರಿಗೆ ಆ ಹೆಸರು ಬಂದ ಬಗೆ ಹೇಗೇ ಇರಲಿ, ಅದರ ನೆಪದಿಂದ ಒಂದು ಪ್ರಶ್ನೆಯನ್ನು ವಿಚಾರಿಸೋಣ: ಒಳಿತು ಕೆಡುಕುಗಳ ವಿವೇಕವನ್ನು ನಮಗೆ ಕೊಡುವುದು ಮನೆಯೋ, ಧರ್ಮವೋ?

ಮಹಾಭಾರತದ ಆದಿಪರ್ವದಲ್ಲಿ, ಪಾಂಡವರಿಗೆ ಆಶ್ರಯವಿತ್ತ ಏಕಚಕ್ರನಗರದ ಬ್ರಾಹ್ಮಣನ ಮನೆಗೆ ಬಕಾಸುರನಿಗೆ ಆಹಾರವಾಗುವ ಸರದಿ ಬರುತ್ತದೆ. ತಂದೆ ತಾನು ಹೋಗುವೆನೆನ್ನುತ್ತಾನೆ, ತಾಯಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ತೊದಲ್ನುಡಿಯ ಮಗನೂ ಹುಲ್ಲುಕಡ್ಡಿಯೊಂದನ್ನು ಹಿಡಿದು, ಇದರಿಂದ ರಾಕ್ಷಸನನ್ನು ಕೊಲ್ಲುವೆನೆನ್ನುತ್ತಾನೆ. ಆ ಕೂಸು ಶಾಸ್ತ್ರವನ್ನು ಓದಿರಲಿಲ್ಲ. ಹಿರಿಯರನ್ನು ಕಂಡು ಕಲಿತಿತ್ತು. ಮನೆಯೇ ಮೊದಲ ಪಾಠಶಾಲೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ತ್ಯಾಗವೆಲ್ಲವೂ ತಮ್ಮವರಿಗಾಗಿ. ಹೊಸ್ತಿಲನ್ನು ದಾಟಿದವಳು ಕುಂತೀದೇವಿ. ಅನ್ನವಿತ್ತ ಮನೆಯ ಋಣವನ್ನು ನೆನೆದು ತನ್ನ ಮಗನಾದ ಭೀಮನನ್ನೇ ಕಳುಹಿಸಲು ನಿಶ್ಚಯಿಸಿದಳು. ಪರರ ಮಗನಿಗಾಗಿ ನಮ್ಮವನನ್ನು ತೊರೆಯುವುದುಂಟೇ ಎಂದು ಸಾಕ್ಷಾತ್ ಧರ್ಮರಾಜನೇ ಆಕ್ಷೇಪಿಸಿದನು. ಮಗನ ಬಲವನ್ನು ತಾನು ಬಲ್ಲೆನೆಂದೂ, ಉಪಕಾರವನ್ನು ಮರೆಯಲಾಗದೆಂದೂ ತಾಯಿ ಉತ್ತರಿಸಿದಳು.

ಇದೇ ಕುಂತಿ ಹಿಂದೆ ಕನ್ಯೆಯಾಗಿದ್ದಾಗ, ಬಂಧುಜನರ ಅಪವಾದಕ್ಕೆ ಅಂಜಿ ಹಸುಳೆ ಕರ್ಣನನ್ನು ನದಿಗೆ ತೇಲಿಬಿಟ್ಟಿದ್ದಳು. ಬಂಧುಗಳ ಭಯ ಮೇಲಾದಾಗ ಸ್ವಂತ ಕೂಸು ಮಡಿಲು ತಪ್ಪಿತು. ಧರ್ಮ ಮೇಲಾದಾಗ ಪರರ ಕೂಸು ಬದುಕಿತು.

ನಾವು ನಮ್ಮನ್ನೇ ಕೇಳಿಕೊಳ್ಳೋಣ. ಪಕ್ಕದ ಮನೆಯವನ ತಪ್ಪಿಗೆ ನ್ಯಾಯ ಹೇಳುವ ನಾವು, ಅದೇ ತಪ್ಪನ್ನು ನಮ್ಮ ಮಗ ಮಾಡಿದಾಗ ಎಷ್ಟು ಬಾರಿ ಮೌನವಾಗಿಲ್ಲ? ಬಂಡೀಪುರದ ಕಾಡಂಚಿನ ಹೊಲಕ್ಕೆ ರಾತ್ರಿ ಆನೆ ಬಂದಿತೆಂಬ ಕೂಗು ಕೇಳಿದಾಗ, ನಮ್ಮ ಹೊಲವಲ್ಲವೆಂದು ಮಗ್ಗುಲು ಬದಲಿಸುವ ತಂದೆಯನ್ನೂ ಮಕ್ಕಳು ನೋಡುತ್ತಾರೆ. ನೆರೆಯವನ ನೆರವಿಗೆ ಏಳುವ ತಂದೆಯನ್ನೂ ನೋಡುತ್ತಾರೆ. ಅಂದು ಕಂಡದ್ದೇ ಅವರ ಧರ್ಮವಾಗಿ ನಿಲ್ಲುತ್ತದೆ.

ಶ್ರೀಮದಾಚಾರ್ಯರು ಗೀತಾವ್ಯಾಖ್ಯಾನದಲ್ಲಿ ಜನಸೇವೆಯನ್ನು ಭಗವಂತನಿಗೆ ಸಲ್ಲಿಸುವ ಕಂದಾಯಕ್ಕೆ ಹೋಲಿಸಿದ್ದಾರೆ. ಕಂದಾಯವು ದಾನವಲ್ಲ, ಸಲ್ಲಿಸಲೇಬೇಕಾದ ಬಾಕಿ. ಬಂಧುಪ್ರೇಮವನ್ನು ಧರ್ಮವು ಅಳಿಸುವುದಿಲ್ಲ. ಅದನ್ನು ಹೊಸ್ತಿಲಿನಾಚೆಗೆ ನಡೆಸುತ್ತದೆ. ಹಾಗೆ ನಡೆಯದ ಪ್ರೇಮವು ಮೋಹವಾಗಿಯೇ ಉಳಿಯುವುದು.

ಶ್ರೀಕೃಷ್ಣಾರ್ಪಣಮಸ್ತು.