ಹತ್ತಿದ ಗೇರಲ್ಲೇ ಇಳಿಯಬೇಕು

ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋದ ಎರಡನೇ ವಾರವೇ ಅಳಿಯಂದಿರು ನನ್ನ ಮುಂದೆ ಒಂದು ಪ್ರಶ್ನೆ ಇಟ್ಟರು. “ಮಾವ, ನೀವು ಲಾರಿಯವರ ಮನೇಲಿ ಬೆಳೆದವರು. ನೀವೇ ಹೇಳಿ, ಗ್ಯಾಸ್ ತಗೊಳ್ಳೋದಾ, ಡೀಸೆಲ್ಲಾ?”

ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲು. ಅವರು ಆಗಷ್ಟೇ ಒಂದು ಟ್ರೈಲರ್ ಕೊಂಡಿದ್ದರು. ಇಪ್ಪತ್ತೈದು ಅಡಿ ಉದ್ದ, ಒಳಗೆ ಮಂಚ, ಒಲೆ, ಬಚ್ಚಲು, ಫ್ರಿಜ್ಜು ಎಲ್ಲ ಇರುವ ಪುಟ್ಟ ಮನೆ. ನೀರು, ಸಾಮಾನು ತುಂಬಿದರೆ 7,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 3,200 ಕೆಜಿ. ಇದಕ್ಕೆ ತನ್ನದೇ ಎಂಜಿನ್ ಇಲ್ಲ, ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗಬೇಕು. ರಜೆ ಬಂದರೆ ಮಕ್ಕಳನ್ನು ಕೂರಿಸಿಕೊಂಡು ರಾಕಿ ಪರ್ವತ ದಾಟಿ ಯೂಟಾದ ಕೆಂಪು ಬಂಡೆಗಳ ಸೀಮೆಗೆ ಹೋಗಬೇಕೆಂಬುದು ಅವರ ಆಸೆ. ಟ್ರೈಲರ್ ಮನೆ ಮುಂದೆ ನಿಂತಿತ್ತು. ಎಳೆಯುವ ಟ್ರಕ್ ಯಾವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

ನಮ್ಮ ಕಡೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಭಾರದ ಕೆಲಸ ಎಂದರೆ ಡೀಸೆಲ್, ಮುಗಿಯಿತು. ಕಬ್ಬಿನ ಟ್ರ್ಯಾಕ್ಟರ್‌ನಿಂದ ಮರಳಿನ ಟಿಪ್ಪರ್‌ವರೆಗೆ ಎಲ್ಲಕ್ಕೂ ಅದೇ. ಇದಕ್ಕೆ ಎಂಜಿನ್ನಿನ ಗುಣ ಒಂದು ಕಾರಣವಾದರೆ ಬೆಲೆ ಇನ್ನೊಂದು. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರವನ್ನು ಸರ್ಕಾರವೇ ಹಿಡಿದಿಟ್ಟಿತ್ತು. ಪೆಟ್ರೋಲಿಗಿಂತ ಡೀಸೆಲ್ ಅಗ್ಗ ಎಂಬುದು ನಮ್ಮ ತಲೆಯಲ್ಲಿ ಹಾಗೇ ಕೂತುಬಿಟ್ಟಿದೆ. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿನ ಕೇಂದ್ರ ತೆರಿಗೆಯೇ ಪೆಟ್ರೋಲಿಗೆ ಗ್ಯಾಲನ್ನಿಗೆ 18.4 ಸೆಂಟ್ ಇದ್ದರೆ ಡೀಸೆಲ್‌ಗೆ 24.4 ಸೆಂಟ್. ಬಂಕಿನ ಫಲಕದಲ್ಲೂ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ. ಅದರ ಮೇಲೆ ಅದೇ ಟ್ರಕ್ಕನ್ನು ಡೀಸೆಲ್ ಎಂಜಿನ್ ಜೊತೆ ಕೊಂಡರೆ ಸುಮಾರು 10,000 ಡಾಲರ್ ಹೆಚ್ಚು ತೆರಬೇಕು.

ಊಟದ ಮೇಜಿನ ಮೇಲೇ ಕಾಗದ ತೆಗೆದು ಲೆಕ್ಕ ಹಾಕಿದೆವು. ವರ್ಷಕ್ಕೆ 4,000 ಮೈಲಿ ಟ್ರೈಲರ್ ಎಳೆಯುತ್ತಾರೆ ಎಂದಿಟ್ಟುಕೊಳ್ಳಿ. ಭಾರ ಎಳೆಯುವಾಗ ಪೆಟ್ರೋಲ್ ಟ್ರಕ್ ಗ್ಯಾಲನ್ನಿಗೆ 8 ಮೈಲಿ ಕೊಟ್ಟರೆ ಡೀಸೆಲ್ 12 ಮೈಲಿ ಕೊಟ್ಟೀತು. ಪೆಟ್ರೋಲು 500 ಗ್ಯಾಲನ್ ಬೇಕು, ಡೀಸೆಲ್ 333. ಗ್ಯಾಲನ್ನಿಗೆ ಮೂರೂಕಾಲು ಡಾಲರ್ ಮತ್ತು ಮೂರೂಮುಕ್ಕಾಲು ಡಾಲರ್ ದರ ಹಿಡಿದರೆ 1,625 ಡಾಲರ್ ಒಂದು ಕಡೆ, 1,250 ಇನ್ನೊಂದು ಕಡೆ. ವರ್ಷಕ್ಕೆ ಉಳಿಯುವುದು 375 ಡಾಲರ್. ಹೆಚ್ಚಿಗೆ ಕೊಟ್ಟ ಹತ್ತು ಸಾವಿರ ವಾಪಸು ಬರಲು 26 ವರ್ಷಕ್ಕೂ ಮೇಲೆ ಬೇಕು. ಮಾರುವಾಗ ಡೀಸೆಲ್ ಟ್ರಕ್ಕಿಗೆ ಒಳ್ಳೆಯ ಬೆಲೆ ಸಿಗುತ್ತದೆ, ನಿಜ. ಆದರೆ ಹೊಗೆ ಶುದ್ಧ ಮಾಡಲು ಆಗಾಗ ಹಾಕಬೇಕಾದ ಯೂರಿಯಾ ದ್ರವ, ಹೆಚ್ಚು ಹಿಡಿಸುವ ಎಂಜಿನ್ ಆಯಿಲ್, ದುಬಾರಿ ರಿಪೇರಿ ಆ ಲಾಭದಲ್ಲಿ ಪಾಲು ಕೇಳುತ್ತವೆ. ದುಡ್ಡು ಉಳಿಸುವುದಕ್ಕೆಂದು ಡೀಸೆಲ್ ಕೊಳ್ಳುವ ಮಾತು ಅಲ್ಲಿಗೆ ನಿಂತಿತು.

ಉಳಿದದ್ದು ಬಲದ ಮಾತು. ಶೋರೂಮಿನ ಹುಡುಗ ಒಂದೇ ಉಸಿರಿನಲ್ಲಿ ಅಂಕಿಗಳನ್ನು ಹೇಳಿದ. ಫೋರ್ಡ್ 2020ರಲ್ಲಿ ತಂದ 7.3 ಲೀಟರ್ ಪೆಟ್ರೋಲ್ ಎಂಜಿನ್ 430 ಅಶ್ವಶಕ್ತಿಯದು. ಅದೇ ವರ್ಷದ 6.7 ಲೀಟರ್ ಡೀಸೆಲ್‌ಗೆ 475. ಇಲ್ಲಿ ದೊಡ್ಡ ಅಂತರವಿಲ್ಲ. ಆದರೆ ತಿರುಚುವ ಬಲ, ಟಾರ್ಕ್ ಎನ್ನುತ್ತೇವಲ್ಲ, ಪೆಟ್ರೋಲಿನದು 475 ಪೌಂಡ್-ಅಡಿ, ಡೀಸೆಲ್ಲಿನದು 1,050. ಎರಡರಷ್ಟಕ್ಕೂ ಮಿಗಿಲು. ಆ ಬಲ ಡೀಸೆಲ್ಲಿಗೆ ನಿಮಿಷಕ್ಕೆ 1,600 ಸುತ್ತಿನಲ್ಲೇ ಒದಗುತ್ತದೆ. ಪೆಟ್ರೋಲ್ ಎಂಜಿನ್ 4,000 ಸುತ್ತು ತಿರುಗಬೇಕು. ಹಾಗಾಗಿ ಏರಿನಲ್ಲಿ ಡೀಸೆಲ್ ಗುನುಗುತ್ತ ಹತ್ತುತ್ತದೆ, ಪೆಟ್ರೋಲ್ ಅರಚುತ್ತ ಹತ್ತುತ್ತದೆ. ಎಷ್ಟೋ ಜನ ಆ ಅರಚುವಿಕೆ ಕೇಳಿಯೇ ಎಂಜಿನ್ ಸೋತುಹೋಯಿತೆಂದು ಹೆದರುತ್ತಾರೆ. ಅದು ಸೋಲಿನ ಕೂಗಲ್ಲ. ಆ ಎಂಜಿನ್ ಕೆಲಸ ಮಾಡುವ ರೀತಿಯೇ ಹಾಗೆ.

ಎತ್ತರದ ವಿಷಯ ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ 70ನೇ ನಂಬರಿನ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹೊತ್ತಿಗೆ 11,158 ಅಡಿ, ಅಂದರೆ 3,401 ಮೀಟರ್ ಏರಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೂ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಲಾರಿಗಳು ಓಡಾಡುವುದನ್ನು ಊಹಿಸಿಕೊಳ್ಳಿ. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಹತ್ತಿರಹತ್ತಿರ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಸುರಂಗದ ಬಾಯಿಗೆ ಬರುವಾಗ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಗಿರುತ್ತದೆ. ಡೀಸೆಲ್ಲಿನ ಟರ್ಬೊ ಗಾಳಿಯನ್ನು ಒತ್ತಿ ತುಂಬಿ ಆ ನಷ್ಟದ ಬಹುಪಾಲನ್ನು ತುಂಬಿಕೊಡುತ್ತದೆ. ಪೆಟ್ರೋಲ್ ಟ್ರಕ್ ಅಲ್ಲಿ ನಿಧಾನವಾಗುತ್ತದೆ, ಹತ್ತುವುದೇನೋ ಹತ್ತುತ್ತದೆ. ಬಲಗಡೆಯ ಸಾಲು ಹಿಡಿದು ತಾಳ್ಮೆಯಿಂದ ಹೋಗುವವರಿಗೆ ಅದು ತೊಂದರೆಯೇ ಅಲ್ಲ.

ನನ್ನ ಗಮನ ಹೋದದ್ದು ಟ್ರಕ್ಕಿನ ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಅಂಗೈಯಗಲದ ಚೀಟಿಯ ಕಡೆಗೆ. ಚಾಲಕನ ಬಾಗಿಲು ತೆರೆದರೆ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಎಷ್ಟು ಎಳೆಯಬಲ್ಲದು ಎಂಬುದನ್ನು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಎಷ್ಟು ಹೊರಬಲ್ಲದು ಎಂಬುದು ಈ ಚೀಟಿಯಲ್ಲಿದೆ. ಟ್ರೈಲರ್ ಕಟ್ಟಿದಾಗ ಅದರ ತೂಕದ ಶೇ. 10ರಿಂದ 15ರಷ್ಟು ಟ್ರಕ್ಕಿನ ಹಿಂಬದಿಯ ಮೇಲೆ ಕೂರುತ್ತದೆ, ಹಾಗೆ ಕೂರಲೇಬೇಕು. ಯಾಕೆ ಎಂದು ನಾನು ವಿವರಿಸಲು ಹೊರಡುವಷ್ಟರಲ್ಲಿ ಅಳಿಯಂದಿರ ಮುಖ ಅರಳಿತು. ಅವರು ಪಾಂಡವಪುರದ ಕಡೆಯವರು, ಕಬ್ಬಿನ ಗಾಡಿ ಹೇರುವುದನ್ನು ನೋಡಿ ಬೆಳೆದವರು. “ಇದು ಮುಂಭಾರ ಹಿಂಭಾರದ ಲೆಕ್ಕ ಅಲ್ವಾ ಮಾವ? ಹಿಂಭಾರ ಆದ್ರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತೆ. ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲನ್ನ ಅರೆಯುತ್ತೆ.”

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಟ್ರೈಲರ್ ಹಿಂಭಾರವಾದರೆ ವೇಗದಲ್ಲಿ ಹಾವಿನಂತೆ ಹೊರಳತೊಡಗುತ್ತದೆ, ಆಮೇಲೆ ಟ್ರಕ್ಕನ್ನೇ ಅಲ್ಲಾಡಿಸುತ್ತದೆ. ಅದಕ್ಕೇ ಮೂಕಿಯ ಮೇಲೆ ಭಾರ ಬೇಕು. ಆ ಭಾರವನ್ನು ಎತ್ತು ಹೊರಬೇಕು.

ಈಗ ಎರಡು ಟ್ರಕ್ಕುಗಳ ಚೀಟಿ ಓದಿದೆವು. ಒಂದೇ ಮಾದರಿ, ಒಂದೇ ಉದ್ದ, ಒಂದೇ ಬಣ್ಣ. ಪೆಟ್ರೋಲಿನದು ಸುಮಾರು 1,450 ಕೆಜಿ ಹೊರುತ್ತದೆ, ಡೀಸೆಲ್ಲಿನದು 1,050. ಬಲಶಾಲಿ ಎನ್ನಿಸಿಕೊಂಡದ್ದು 400 ಕೆಜಿ ಕಡಿಮೆ ಹೊರುತ್ತದೆ! ಕಾರಣ ಸರಳ. ಈ ವರ್ಗದ ಟ್ರಕ್ ತನ್ನ ತೂಕವೂ ಸೇರಿ ಒಟ್ಟು 10,000 ಪೌಂಡ್ ಮೀರಬಾರದೆಂದು ಕಟ್ಟಿರುತ್ತಾರೆ. ಡೀಸೆಲ್ ಎಂಜಿನ್ನು, ಅದಕ್ಕೆ ತಕ್ಕ ಗೇರ್ ಪೆಟ್ಟಿಗೆ, ರೇಡಿಯೇಟರ್ ಎಲ್ಲ ಹೆಚ್ಚು ಭಾರ. ಆ ಹೆಚ್ಚಿನ ತೂಕವನ್ನು ಹೊರುವ ಲೆಕ್ಕದಿಂದಲೇ ಕಳೆಯಬೇಕು. ಮೂಕಿಭಾರ 400 ಕೆಜಿ, ಮನೆಮಂದಿ 350, ಜೋಡಿಸುವ ಕೊಂಡಿಯ ಸಾಮಾನು 45, ಹಿಂದಿನ ಪೆಟ್ಟಿಗೆಯಲ್ಲಿ ಸೈಕಲ್, ಸೌದೆ, ಜನರೇಟರ್ ಒಂದು ನೂರು ಎಂದು ಕೂಡಿದರೆ ಹತ್ತಿರಹತ್ತಿರ 900. ಡೀಸೆಲ್‌ನಲ್ಲಿ ಉಳಿಯುವ ಜಾಗ 150 ಕೆಜಿ. ಪೆಟ್ರೋಲಿನಲ್ಲಿ ಅರ್ಧ ಟನ್ನಿಗೂ ಮೇಲೆ.

ಇಷ್ಟಾದರೂ ನನ್ನ ಮನಸ್ಸು ಒಪ್ಪಿರಲಿಲ್ಲ. ಇಳಿಯುವುದರ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ.

ಅಪ್ಪ ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಲೋಡು ಹೊಡೆಯುತ್ತಿದ್ದವರು. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಮಾರನಹಳ್ಳಿ ಬಂತೆಂದರೆ ಲಾರಿ ಬದಿಗೆ ನಿಲ್ಲುತ್ತಿತ್ತು. ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಅಪ್ಪ ಸುತ್ತ ಒಂದು ಸಲ ನಡೆದು, ಹಗ್ಗ ಜಗ್ಗಿ ನೋಡಿ, ಬ್ರೇಕ್ ಪೆಡಲ್ ತುಳಿದು ನೋಡಿ, ಆಮೇಲೆ ಎರಡನೇ ಗೇರಿಗೆ ಹಾಕಿ ಶಿರಾಡಿ ಘಾಟಿ ಇಳಿಸುತ್ತಿದ್ದರು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಡುವವರನ್ನು ಕಂಡರೆ ಅವರಿಗೆ ಕೆಂಡದಂಥ ಕೋಪ. “ಹತ್ತಿದ ಗೇರಲ್ಲೇ ಇಳೀಬೇಕು” ಎಂದು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಿದ್ದರು. ಗುಂಡ್ಯ ಮುಟ್ಟಿದ ಮೇಲೆ ಟೀ ಅಂಗಡಿಗೆ ಹೋಗುವ ಮೊದಲು ಹಿಂದಿನ ಚಕ್ರದ ಹತ್ತಿರ ಕೂತು, ಡ್ರಮ್ಮಿಗೆ ತಾಗದಂತೆ ಕೈಯ ಹಿಂಬದಿ ಹಿಡಿದು ಬಿಸಿ ನೋಡುತ್ತಿದ್ದರು.

ಆ ಬಿಸಿ ಎಲ್ಲಿಂದ ಬರುತ್ತದೆ ಎಂದು ಮೊಮ್ಮಗನಿಗೆ ಲೆಕ್ಕ ಹಾಕಿಯೇ ತೋರಿಸಿದೆ. ಸುರಂಗದಿಂದ ಆಚೆ ಸಿಲ್ವರ್‌ಥಾರ್ನ್ ಊರಿಗೆ ರಸ್ತೆ ಸುಮಾರು 650 ಮೀಟರ್ ಕೆಳಗಿಳಿಯುತ್ತದೆ. ಟ್ರಕ್ಕು, ಟ್ರೈಲರ್ ಸೇರಿ ಏಳು ಟನ್. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿದರೆ ಹೊರಬರುವ ಶಕ್ತಿ ಸುಮಾರು 12 ಯೂನಿಟ್ ಕರೆಂಟಿಗೆ ಸಮ. 140 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಗಾಳಿಯ ತಡೆ ಒಂದು ಪಾಲು ನುಂಗುತ್ತದೆ, ಉಳಿದದ್ದು ಹತ್ತು ನಿಮಿಷದೊಳಗೆ ಎಲ್ಲಾದರೂ ಹೋಗಲೇಬೇಕು. ಬ್ರೇಕಿಗೆ ಹೋದರೆ ಬ್ರೇಕು ಸುಡುತ್ತದೆ. ಎಂಜಿನ್ನಿಗೆ ಹೋದರೆ ರೇಡಿಯೇಟರಿನಲ್ಲೂ ಹೊಗೆಕೊಳವೆಯಲ್ಲೂ ಹೊರಟುಹೋಗುತ್ತದೆ. ಆ ಇಳಿಜಾರಿನ ಬದಿಯಲ್ಲಿ ಹತೋಟಿ ತಪ್ಪಿದ ಲಾರಿಗಳಿಗೆಂದೇ ಜಲ್ಲಿ ಹಾಸಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ.

ಡೀಸೆಲ್ ಟ್ರಕ್ಕನ್ನು ಅಮೆರಿಕಕ್ಕೆ ಒಗ್ಗಿಸಿದ ಕ್ಲೆಸಿ ಕಮಿನ್ಸ್ ಕೂಡ ಈ ಪಾಠವನ್ನು ಇಳಿಜಾರಿನಲ್ಲೇ ಕಲಿತರು. 1931ರಲ್ಲಿ ತಮ್ಮ ಎಂಜಿನ್ ಕೂರಿಸಿದ ಲಾರಿಯಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದರು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕು ಕೈಕೊಟ್ಟಿತು. ಕೆಳಗೆ ರೈಲ್ವೆ ಗೇಟು, ಗೂಡ್ಸ್ ರೈಲು ಹಾದುಹೋಗುತ್ತಿತ್ತು. ಕೂದಲೆಳೆಯಲ್ಲಿ ಉಳಿದರು. ಆ ಭಯ ಅವರನ್ನು ಬಿಡಲಿಲ್ಲ. ಎಂಜಿನ್ನನ್ನೇ ಬ್ರೇಕಾಗಿ ಮಾಡುವ ಸಾಧನವನ್ನು ಮುಂದೆ ಅವರೇ ರೂಪಿಸಿದರು, 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ತಯಾರಿಸಲು ತೊಡಗಿತು.

ಅದು ಬೇಕಾದದ್ದು ಯಾಕೆಂದರೆ ಡೀಸೆಲ್ ಎಂಜಿನ್ ಬರುವ ಗಾಳಿಗೆ ಬಾಗಿಲು ಹಾಕುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಗಾಳಿಯ ಕವಾಟ ಮುಚ್ಚುತ್ತದೆ, ಪಿಸ್ಟನ್ನು ಉಸಿರಿಗಾಗಿ ಎಳೆದಾಡುತ್ತದೆ, ಗಾಡಿ ತಡೆಯುತ್ತದೆ. ಡೀಸೆಲ್‌ನಲ್ಲಿ ಆ ಎಳೆದಾಟ ಇಲ್ಲ. ಅದಕ್ಕೇ ಈಗಿನ ಡೀಸೆಲ್ ಪಿಕಪ್ಪುಗಳಲ್ಲಿ ಹೊಗೆ ಹೋಗುವ ದಾರಿಯನ್ನು ಟರ್ಬೊದ ಎಲೆಗಳೇ ಕಿರಿದಾಗಿಸಿ ಎಂಜಿನ್ನಿಗೆ ಎದುರೊತ್ತಡ ಕೊಡುತ್ತವೆ. ಇದೇ ಎಗ್ಸಾಸ್ಟ್ ಬ್ರೇಕು. ಒಂದು ಗುಂಡಿ ಒತ್ತಿದರೆ ಸಾಕು, ಬಹುಮಟ್ಟಿಗೆ ಕಾಲು ಬ್ರೇಕಿನ ಮೇಲಿಡದೆ ಘಟ್ಟ ಇಳಿಯಬಹುದು. ಡೀಸೆಲ್ಲಿನ ಪರವಾಗಿ ನನ್ನನ್ನು ಬಾಗಿಸಿದ್ದು ಇದೊಂದೇ. ಟ್ರೈಲರ್ ಐದಾರು ಟನ್ನಿನದಾಗಿದ್ದು ತಿಂಗಳಿಗೆರಡು ಸಲ ಘಟ್ಟ ದಾಟುವುದಿದ್ದರೆ ದುಡ್ಡಿನ ಲೆಕ್ಕ ಪಕ್ಕಕ್ಕಿಟ್ಟು ಡೀಸೆಲ್ಲೇ ತಗೊಳ್ಳಿ ಎನ್ನುತ್ತಿದ್ದೆ.

ನಮ್ಮ ಮನೆಯ ಟ್ರಕ್ಕಿನ ದಿನಚರಿ ಬೇರೆ. ವಾರದ ಐದು ದಿನ ಮಕ್ಕಳ ಶಾಲೆಗೆ, ಅಂಗಡಿಗೆ ಎಂದು ನಾಲ್ಕು ಮೈಲಿ ಓಡಿ ನಿಲ್ಲುತ್ತದೆ. ಡೀಸೆಲ್ಲಿನ ಮಸಿ ಹಿಡಿಯುವ ಜರಡಿ ದೂರ ಓಡಿ ಚೆನ್ನಾಗಿ ಕಾದರಷ್ಟೇ ಮಸಿ ಸುಟ್ಟುಕೊಂಡು ಚೊಕ್ಕಟವಾಗುತ್ತದೆ. ಹೀಗೆ ಅಡ್ಡಾಡಿದರೆ ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಯೂರಿಯಾ ದ್ರವ ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಡೆನ್ವರ್‌ನಲ್ಲಿ ಅದು ಅಪರೂಪದ ಚಳಿಯೇನಲ್ಲ. “ಪೆಟ್ರೋಲೇ ತಗೊಳ್ಳಿ, ಇಳಿಯೋದನ್ನ ಮಾತ್ರ ನಾನು ಪಕ್ಕದಲ್ಲಿ ಕೂತು ನೋಡಬೇಕು” ಎಂದೆ.

ಜುಲೈ ಕೊನೆಯಲ್ಲಿ ಹೊರಟೆವು. ಏರು ಬಂದಾಗ ಎಂಜಿನ್ ಕೂಗಿತು, ಹಿಂದಿನ ಸೀಟಿನಿಂದ ಮಗಳು ಎರಡು ಸಲ “ಏನಾಗಿಲ್ಲ ತಾನೆ ಅಪ್ಪಾ?” ಎಂದಳು. ಬಲಗಡೆಯ ಸಾಲಿನಲ್ಲಿ ಲಾರಿಗಳ ಹಿಂದೆ 40 ಮೈಲಿ ವೇಗದಲ್ಲಿ ಸುರಂಗ ತಲುಪಿದೆವು. ಆಚೆ ಬಾಯಿಗೆ ಬಂದೊಡನೆ ಅಳಿಯಂದಿರು ಸ್ಟಿಯರಿಂಗ್ ಪಕ್ಕದ ಪುಟ್ಟ ಸನ್ನೆಯನ್ನು ಬೆರಳಲ್ಲಿ ಹಿಂಡಿದರು. ಟ್ರೈಲರಿನ ವಿದ್ಯುತ್ ಬ್ರೇಕು ಮಾತ್ರ ಹಿಡಿಯುವ ಸನ್ನೆ ಅದು. ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದಂತೆ ಆಯಿತು. ಬ್ರೇಕು ಸರಿಯಿದೆ. ಇಳಿಜಾರು ಶುರುವಾಗುವ ಮುನ್ನವೇ ಗೇರು ಇಳಿಸಿದರು, ಎಂಜಿನ್ ಮತ್ತೆ ಕೂಗಿತು. ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಡುತ್ತಿದ್ದರು, ಕಾಲಿಟ್ಟುಕೊಂಡೇ ಇರುತ್ತಿರಲಿಲ್ಲ. ಒಂದು ಜಲ್ಲಿ ದಾರಿ ಬಲಕ್ಕೆ ಹಾದುಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು.

ಸಿಲ್ವರ್‌ಥಾರ್ನ್‌ನ ಬಂಕಿನಲ್ಲಿ ನಿಲ್ಲಿಸಿದಾಗ ನಾನು ಇಳಿದು ನೇರ ಟ್ರೈಲರಿನ ಚಕ್ರದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಸುಟ್ಟ ವಾಸನೆ ಇರಲಿಲ್ಲ. ಕೈಯ ಹಿಂಬದಿ ಹಿಡಿದೆ. ಬಿಸಿಲಿಗಿಟ್ಟ ತಾಮ್ರದ ತಂಬಿಗೆಯ ಹತ್ತಿರ ಕೈ ತಂದಷ್ಟು ಬಿಸಿ. ಪಕ್ಕದಲ್ಲಿ ಮೊಮ್ಮಗ ಬಂದು ಕೂತ. ಅವನೂ ಅಂಗೈ ಚಾಚಲು ಹೋದ. ನಾನು ಅವನ ಕೈಯನ್ನು ತಿರುವಿ, ತಾಗದಷ್ಟು ದೂರದಲ್ಲಿ ಹಿಡಿದು ತೋರಿಸಿದೆ.