ಮತ್ಸ್ಯರಕ್ಷಣೆಯೂ ಧರ್ಮವೂ

ಶತಪಥ ಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆಯನ್ನು ಕೇಳದ ಆಸ್ತಿಕರು ವಿರಳ. ಪ್ರಾತಃಕಾಲ ಕೈತೊಳೆಯಲು ತಂದ ನೀರಿನಲ್ಲಿ ಒಂದು ಪುಟ್ಟ ಮೀನು ಮನುವಿನ ಕೈಗೆ ಬಂದು, ದೊಡ್ಡ ಮೀನುಗಳು ಚಿಕ್ಕವನ್ನು ನುಂಗುವುವು, ತನ್ನನ್ನು ಕಾಪಾಡೆಂದು ಬೇಡಿತು. ಮನುವು ಅದನ್ನು ಮೊದಲು ಕೊಡದಲ್ಲಿರಿಸಿದನು. ಬೆಳೆದಾಗ ಹೊಂಡಕ್ಕೆ ಬಿಟ್ಟನು. ಕಡೆಗೆ ಸಮುದ್ರಕ್ಕೆ ಒಯ್ದನು. ಪ್ರಳಯದಲ್ಲಿ ಆ ಮೀನೇ ಅವನ ನಾವೆಯನ್ನೆಳೆದು ಉತ್ತರಗಿರಿಗೆ ಸೇರಿಸಿದುದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಆದರೆ ಮೀನು ಬೆಳೆದಂತೆ ಮನುವು ಅದರ ನೆಲೆಯನ್ನೂ ಹಿರಿದು ಮಾಡುತ್ತ ಹೋದನೆಂಬುದನ್ನು ಗಮನಿಸಿದವರು ಕಡಿಮೆ.

ದೇವಸ್ಥಾನದ ಸ್ನಾನಘಟ್ಟದಲ್ಲಿ ಮೀನು ಹಿಡಿಯಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಶೃಂಗೇರಿಯ ತುಂಗೆಯಲ್ಲಿಯೂ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳೆನಿಸಿದ ಮಹಶೀರ್ ಮೀನುಗಳು ನಿರ್ಭಯವಾಗಿ ಮೆಟ್ಟಿಲ ಬಳಿಗೆ ಬಂದು ಭಕ್ತರು ಚೆಲ್ಲಿದ ಪುರಿಯನ್ನು ತಿನ್ನುತ್ತವೆ. 1996ರಲ್ಲಿ ಶಿಶಿಲದ ಹೊಳೆಗೆ ವಿಷವಿಕ್ಕಿದಾಗ ಅವು ರಾಶಿರಾಶಿಯಾಗಿ ಸತ್ತವು. ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವೇ ನಿಂತಿದೆ. ಮೀನಿಗೆ ಸ್ಮಾರಕ ಕಟ್ಟಿದ ಜನರ ಅಂತಃಕರಣವು ಸಾಮಾನ್ಯವಾದುದಲ್ಲ.

ಆದರೂ ಘಟ್ಟವು ಮನುವಿನ ಕೊಡವಷ್ಟೇ. ಮಳೆಗಾಲದಲ್ಲಿ ಹೊಳೆ ತುಂಬಿದೊಡನೆ ಮಹಶೀರ್ ಪ್ರವಾಹಕ್ಕೆ ಎದುರಾಗಿ ಮೇಲೇರಿ, ಜಲ್ಲಿಗಲ್ಲುಗಳ ನಡುವೆ ಮೊಟ್ಟೆಯಿಡುವುದು. ಅಣೆಕಟ್ಟು ಅಡ್ಡವಾದರೆ, ಮರಳನ್ನು ಬಗೆದೊಯ್ದರೆ, ಮಡುವಿಗೆ ಸಿಡಿಮದ್ದೆಸೆದರೆ, ಪುರಿಯಿಂದ ಅದರ ಸಂತಾನವು ಉಳಿಯದು.

ನಿದರ್ಶನಕ್ಕಾಗಿ ಗಡಿಸೀಮೆಯ ನಾವು ದೂರ ಹೋಗಬೇಕಾಗಿಲ್ಲ. ತಲೆಯ ಹಿಂದೆ ಡುಬ್ಬವೂ ಕಿತ್ತಳೆ ಬಣ್ಣದ ಬಾಲವೂ ಉಳ್ಳ ಒಂದು ಜಾತಿಯ ಮಹಶೀರ್ ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಮಾತ್ರ ಹುಟ್ಟುವುದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಇಂಥದೊಂದು 120 ಪೌಂಡು ತೂಗಿತು. 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಉಳಿದಿರುವ ಮುಖ್ಯ ನೆಲೆಗಳಲ್ಲೊಂದು, ನೀಲಗಿರಿಗೂ ತಾಳವಾಡಿಯ ಬೆಟ್ಟಸೀಮೆಗೂ ನಡುವೆ ಕಮರಿಯಲ್ಲಿ ಹರಿಯುವ ಮೋಯಾರ್ ನದಿ. ಆ ಕಾಡಿನ ಮಡುಗಳವರೆಗೆ ಪುರಿ ಚೆಲ್ಲಲು ಯಾತ್ರಿಕರು ಹೋಗುವುದಿಲ್ಲ.

ಇಲ್ಲಿ ಧರ್ಮಸೂಕ್ಷ್ಮವೊಂದುಂಟು. ಪುರಿ ಚೆಲ್ಲಿದವನಿಗೆ ಪುಣ್ಯ. ಬಲೆ ಬೀಸದೆ ಹಿಂದಿರುಗಿದವನ ಮನೆಯಲ್ಲಿ ಅಂದು ಮುದ್ದೆಗೆ ಸಾರಿಲ್ಲ. ಹಾಗಾದರೆ ತ್ಯಾಗವು ಯಾರದು? ಬೆಸ್ತರನ್ನು ಪಾಪಿಗಳೆಂದು ಹಳಿದು ಹೊಳೆಯಿಂದ ಅಟ್ಟುವುದು ಸುಲಭ; ಮೀನು ತಿನ್ನದ ಮನೆಯವರಿಗಂತೂ ಬಹು ಸುಲಭ. ನನಗೆ ಅದು ಧರ್ಮವೆಂದು ತೋರದು. ಯಾವ ಮಡುವಿನಲ್ಲಿ ಮೀನು ತಂಗುವುದು, ಯಾವ ನೀರಿಗೆ ಮೇಲೇರುವುದು ಎಂಬುದನ್ನು ಬಲ್ಲವನು ಬೆಸ್ತನೇ. ಕಾವೇರಿಯ ದಡದ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದಾಗ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಸಂಬಳ ಪಡೆದು ಹೊಳೆಯ ಕಾವಲಿಗೆ ನಿಂತರು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವ ನಿಯಮವಿತ್ತು. (ಬಿಟ್ಟರೂ ಗಾಳ ಚುಚ್ಚುವುದು ಹಿಂಸೆಯಲ್ಲವೇ ಎನ್ನುವವರುಂಟು, ಕೇಳತಕ್ಕ ಮಾತೇ.) 2010ರ ಆಚೀಚೆ ಆ ಕ್ರೀಡೆಯು ನಿಂತಿತು. ಕಾರಣಗಳು ಏನೇ ಇರಲಿ, ಗಾಳದೊಡನೆ ಆ ಸಂಬಳವೂ ನಿಂತಿತು. ಹೊಳೆಯನ್ನು ಕಾಯುತ್ತಿದ್ದವನು ಮರುದಿನ ಬೆಳಿಗ್ಗೆ ಮಕ್ಕಳ ಅನ್ನಕ್ಕಾಗಿ ಯಾವ ಕಡೆ ನೋಡಬೇಕಾಗಿತ್ತು?