ಯಾರ ಬಾಯಿಗೆ ಯಾವ ಕ್ರಿಯಾಪದ

ಇಂಡೊನೇಷ್ಯಾದಲ್ಲಿ ದೇವರು ಸುಮ್ಮನೆ 'ಹೇಳುವ' ಹಾಗಿಲ್ಲ. 'ಬೆರ್ಕಾತಾ' ಎಂಬ ಕ್ರಿಯಾಪದ ನಮ್ಮ ನಿಮ್ಮಂಥವರಿಗೆ. ಅಲ್ಲಾಹ್ ನುಡಿದರೆ 'ಬೆರ್ಫಿರ್ಮಾನ್', ಪೈಗಂಬರರು ನುಡಿದರೆ 'ಬೆರ್ಸಬ್ದಾ'. ಮಲೇಷ್ಯಾದ ಸುಲ್ತಾನರದ್ದು 'ಬೆರ್ತಿತಾಹ್'. ಪ್ರಜೆ ಅವರಿಗೆ ಬಿನ್ನವಿಸಿಕೊಂಡರೆ 'ಸೆಂಬಾಹ್'. ಜಕಾರ್ತಾದ ಬೀದಿಯಲ್ಲಿ, ಅಂಗಡಿಯಲ್ಲಿ ಮಾತ್ರ ಎಲ್ಲದಕ್ಕೂ 'ಬಿಲಾಂಗ್'.

ಅಲ್ಲಿನ ಪಾಸಾರ್ ಬಾರುವಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಇದು ಬರೀ ಮರ್ಯಾದೆಯ ವಿಷಯ ಅನ್ನಿಸಿತ್ತು. ನಮ್ಮ ಮಠಗಳಲ್ಲೂ ಸ್ವಾಮಿಗಳು ಹೇಳುವುದಿಲ್ಲ, ಅಪ್ಪಣೆ ಕೊಡಿಸುತ್ತಾರೆ. ಅಂಗಡಿಯಲ್ಲಿ ಕೆಲಸಕ್ಕಿದ್ದ, ನಾವು 'ಇಬು' (ಅಮ್ಮ) ಎಂದೇ ಕರೆಯುತ್ತಿದ್ದ ಹೆಂಗಸು ಒಂದು ಸಂಜೆ ಮಗನ ನೋಟ್‌ಬುಕ್ ನೋಡಿದರು. ಕುರಾನಿನ ಮಾತಿಗೆ ಹುಡುಗ 'ಬೆರ್ಕಾತಾ' ಎಂದು ಬರೆದಿದ್ದ. ಥಾನು ಸುತ್ತುವುದನ್ನು ಬಿಟ್ಟು, ನನ್ನ ಪೆನ್ನು ಕಿತ್ತುಕೊಂಡು ಆ ಪದವನ್ನು ಹೊಡೆದು ಹಾಕಿದರು. ಕೆಳಗಿನ ಸಾಲಿನ ಕಾಗುಣಿತದ ತಪ್ಪುಗಳನ್ನು ಹಾಗೇ ಬಿಟ್ಟರು.

ಮಾತಿಗೆ ಬೆಲೆ ಬರುವುದು ಆಡಿದವರಿಂದಲೋ, ಮಾತಿನಿಂದಲೋ? ಮೇಲುಕೋಟೆಯಲ್ಲಿ ಮೀಮಾಂಸೆ ಓದಿದ್ದ ನನ್ನ ಸೋದರಮಾವನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಆಪ್ತನ, ಅಂದರೆ ನಂಬಿಕೆಗೆ ಅರ್ಹನಾದವನ ಉಪದೇಶವೇ ಶಬ್ದಪ್ರಮಾಣ (ಅರಿವಿಗೆ ಆಧಾರವಾದ ಮಾತು) ಎನ್ನುತ್ತಾರೆ ನ್ಯಾಯದರ್ಶನದವರಾದ ನೈಯಾಯಿಕರು. ಮೀಮಾಂಸಕರು ಒಪ್ಪುವುದಿಲ್ಲ. ಸುಳ್ಳು, ಮರೆವು, ಸ್ವಾರ್ಥ ಎಲ್ಲವೂ ಆಡುವವನ ಕಡೆಯಿಂದ ಬರುವ ದೋಷಗಳು. ವೇದಕ್ಕೆ ಕರ್ತೃವೇ ಇಲ್ಲ, ಹಾಗಾಗಿ ದೋಷ ಹೊಗಲು ದಾರಿಯೇ ಇಲ್ಲ. ಆ 'ಶಬ್ದ'ವೇ ಕಡಲು ದಾಟಿ 'ಸಬ್ದಾ' ಆಯಿತು. ಅಲ್ಲಿ ಅದಕ್ಕೆ ಕರ್ತೃವಿಲ್ಲದೆ ಗತಿಯಿಲ್ಲ. ಕೇಳಿದ್ದರೆ ಮಾವ ಕೆರಳುತ್ತಿದ್ದ.

ನನ್ನ ಒಲವೂ ಮಾವನ ಕಡೆಗೇ, ಶಾಸ್ತ್ರದ ಕಾರಣಕ್ಕಲ್ಲ. ಆಡುವವನನ್ನು ನೆಚ್ಚಿದ ಪದಕ್ಕೆ ಕಾವಲು ಹಾಕುವುದು ಸುಲಭ. ಮಲೇಷ್ಯಾದ ಸೆಲಾಂಗೊರ್ ರಾಜ್ಯದ 1988ರ ಕಾನೂನು, ಮುಸ್ಲಿಮೇತರರು ತಮ್ಮ ಧರ್ಮದ ವಿಷಯದಲ್ಲಿ ಬಳಸಕೂಡದ ಪದಗಳನ್ನು ಪಟ್ಟಿ ಮಾಡಿದೆ. 'ಅಲ್ಲಾಹ್' ಜೊತೆಗೆ 'ಫಿರ್ಮಾನ್ ಅಲ್ಲಾಹ್' ಕೂಡ ಅದರಲ್ಲಿದೆ. ಇಂಡೊನೇಷ್ಯಾದಲ್ಲಾದರೋ ಪ್ರಾಟೆಸ್ಟೆಂಟರು ಬೈಬಲ್ಲಿನ ದೇವವಾಣಿಗೆ 'ಫಿರ್ಮಾನ್' ಎನ್ನುತ್ತಾರೆ, ಕ್ಯಾಥೊಲಿಕರು 'ಸಬ್ದಾ' ಎನ್ನುತ್ತಾರೆ. ಇಬು ಅದಕ್ಕೆ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ.

ಹದೀಸ್ ಕುದ್ಸಿಗೆ ಏನು ಮಾಡುತ್ತೀರಿ ಎಂದು ಅವರನ್ನೇ ಕೇಳಿದೆ. ಪೈಗಂಬರರ ನುಡಿಗಳ ದಾಖಲೆಯಾದ ಹದೀಸಿನಲ್ಲಿ ಅದೊಂದು ಬಗೆ; ಅದರ ಅರ್ಥ ಅಲ್ಲಾಹನದ್ದು, ಪದಗಳು ಪೈಗಂಬರರವು ಎಂಬುದು ಹಲವು ವಿದ್ವಾಂಸರ ಮತ. ಇಬು ತಡವರಿಸಲಿಲ್ಲ. ಎರಡೂ ಬರೀಬೇಕು ಎಂದರು: ಪೈಗಂಬರರು 'ಬೆರ್ಸಬ್ದಾ', ಅದರೊಳಗೆ ಅಲ್ಲಾಹ್ 'ಬೆರ್ಫಿರ್ಮಾನ್'. ಅದಕ್ಕೂ ಮೊದಲು ಬರುವುದು ಒಬ್ಬರಿಂದೊಬ್ಬರು ಕೇಳಿ ದಾಟಿಸಿದ ಮನುಷ್ಯರ ಸಾಲು. ಅವರಿಗೆಲ್ಲ ಬರೀ 'ಬೆರ್ಕಾತಾ'. ಹದೀಸ್ ಪಂಡಿತರು ಶತಮಾನಗಟ್ಟಲೆ ಒರೆಗೆ ಹಚ್ಚಿದ್ದು ಈ ಸಾಮಾನ್ಯರನ್ನೇ: ಇವನ ನೆನಪು ಗಟ್ಟಿಯೇ, ನಡತೆ ನೆಟ್ಟಗಿತ್ತೇ, ಯಾರಿಂದ ಕೇಳಿದೆನೆಂದನೋ ಅವರನ್ನು ನಿಜಕ್ಕೂ ಭೇಟಿಯಾಗಿದ್ದನೇ?